ಯುದ್ಧಕಾಲದ ಜಪಾನೀ ಖಡ್ಗಗಳು: ಕಾಲನಿರ್ಣಯ ಮತ್ತು ಕರ್ತೃನಿರ್ಣಯ

ಲೋಹದ ಮೇಲೆ ಕೊರೆದ ಬರಹವನ್ನೋದಿ ಅದರ ಕಾಲವನ್ನೂ ಕರ್ತೃವನ್ನೂ ಗೊತ್ತುಮಾಡುವ ಕೆಲಸವು ತಾಮ್ರಶಾಸನಗಳನ್ನು ಪರಿಶೀಲಿಸುವ ವಿದ್ವಾಂಸರಿಗೆ ಹೊಸದಲ್ಲ. ಲಿಪಿಯ ರೂಪ, ಶಕವರ್ಷಕ್ಕೂ ಸಂವತ್ಸರಕ್ಕೂ ಇರುವ ಹೊಂದಿಕೆ, ಕೊರೆದವನ ಕೈಯ ರೀತಿ, ಲೋಹದ ಹಳಮೆ ಇವೆಲ್ಲವೂ ಒಂದನ್ನೊಂದು ಸಮರ್ಥಿಸಿದಲ್ಲದೆ ಶಾಸನವು ನಿಜವಾದುದೋ ಕೂಟವಾದುದೋ ಎಂದು ಹೇಳಲಾಗದು. ಇದೇ ಬಗೆಯ ಪರೀಕ್ಷೆಗೆ ಒಳಪಡುವ ಇನ್ನೊಂದು ವಸ್ತು ಜಪಾನಿನ ಖಡ್ಗ. ಅದರ ಅಲಗಿನ ಬುಡದಲ್ಲಿ, ಹಿಡಿಯೊಳಗೆ ಹುದುಗಿ ಹೊರಗಿನ ಕಣ್ಣಿಗೆ ಕಾಣದಿರುವ ಭಾಗಕ್ಕೆ ಜಪಾನೀ ಭಾಷೆಯಲ್ಲಿ ‘ನಕಗೊ’ ಎಂದು ಹೆಸರು. ಕಮ್ಮಾರನು ತನ್ನ ಹೆಸರನ್ನೂ ಊರನ್ನೂ, ಹಲವು ವೇಳೆ ವರ್ಷವನ್ನೂ ಉಳಿಯಿಂದ ಕೊರೆಯುವುದು ಅಲ್ಲಿಯೇ.

ಪ್ರಾಚೀನ ಖಡ್ಗಗಳ ವಿಷಯದಲ್ಲಿ ಜಪಾನೀ ವಿದ್ವಾಂಸರು ಶತಮಾನಗಳಿಂದ ಪರಿಶ್ರಮಪಟ್ಟಿರುವರು. ಆದರೆ ೧೯೩೩ರಿಂದ ೧೯೪೫ರವರೆಗೆ ಸೈನ್ಯಕ್ಕಾಗಿ ನಿರ್ಮಿತವಾದ ಖಡ್ಗಗಳ ಬಗೆಗೆ ಎರಡು ವಿಪರೀತಾಭಿಪ್ರಾಯಗಳು ಬಹುಕಾಲ ಬಳಕೆಯಲ್ಲಿದ್ದುವು. ಇವೆಲ್ಲವೂ ಕಾರ್ಖಾನೆಯ ಸರಕು, ಪರಿಶೀಲನೆಗೆ ಅರ್ಹವಲ್ಲ ಎಂಬುದು ಒಂದು. ಹೆಸರು ಕೊರೆದಿರುವ ಪ್ರತಿಯೊಂದು ಖಡ್ಗವೂ ಮಹಾಶಿಲ್ಪಿಯೊಬ್ಬನ ಕೃತಿ ಎಂಬುದು ಮತ್ತೊಂದು. ಮೊದಲನೆಯದನ್ನು ನಂಬಿದವರು ನಿಜವಾದ ಶಿಲ್ಪಿಗಳ ಕೃತಿಗಳನ್ನು ತುಕ್ಕಿಗೆ ಬಿಟ್ಟರು. ಎರಡನೆಯದನ್ನು ನಂಬಿದವರು ಯಂತ್ರದ ಸುತ್ತಿಗೆಯಿಂದ ಹೊರಟ ಉಕ್ಕಿನ ಪಟ್ಟಿಗೆ ಬಂಗಾರದ ಬೆಲೆ ತೆತ್ತರು. ಸತ್ಯವು ಇವೆರಡಕ್ಕೂ ನಡುವೆ, ನಕಗೊವಿನ ತುಕ್ಕಿನ ಕೆಳಗೆ ಇರುವುದು. ಅದನ್ನು ಓದುವ ಕ್ರಮವೇನು, ತಪ್ಪು ಓದಿನಿಂದ ಆಗುವ ಹಾನಿಯೇನು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

೧. ಹಿನ್ನೆಲೆ

೧೮೬೮ರ ಮೇಜಿ ಪರಿವರ್ತನೆಯ ತರುವಾಯ ಸಮುರಾಯ್ ವರ್ಗವು ತನ್ನ ವಿಶೇಷಾಧಿಕಾರಗಳನ್ನು ಒಂದೊಂದಾಗಿ ಕಳೆದುಕೊಂಡಿತು. ೧೮೭೬ರಲ್ಲಿ ಹೊರಟ ಆಜ್ಞೆಯಿಂದ ಸೈನಿಕರು, ಪೋಲೀಸಿನವರು ಮೊದಲಾದವರ ಹೊರತು ಉಳಿದವರು ಖಡ್ಗವನ್ನು ಧರಿಸಿ ಹೊರಗೆ ನಡೆಯುವುದು ನಿಷಿದ್ಧವಾಯಿತು. ಕೊಳ್ಳುವವರಿಲ್ಲದೆ ಕಮ್ಮಾರರಲ್ಲಿ ಬಹುಮಂದಿ ಕುಡುಗೋಲು, ಅಡಿಗೆಮನೆಯ ಚೂರಿ ಮುಂತಾದುವನ್ನು ಮಾಡಿ ಜೀವಿಸಬೇಕಾಯಿತು. ಪರಂಪರೆಯ ನೂಲು ಹರಿಯದಂತೆ ಹಿಡಿದವರು ಕೆಲವರೇ. ಅವರಲ್ಲಿ ಒಸಾಕದ ಗಸ್ಸನ್ ಸದಕಜು (೧೮೩೬-೧೯೧೮), ಮಿಯಮೊತೊ ಕನೆನೊರಿ ಎಂಬಿಬ್ಬರನ್ನು ೧೯೦೬ರಲ್ಲಿ ಚಕ್ರವರ್ತಿಯ ಆಸ್ಥಾನಶಿಲ್ಪಿಗಳನ್ನಾಗಿ ನಿಯಮಿಸಲಾಯಿತು. ಮುಂದಿನ ಪೀಳಿಗೆಯ ಉತ್ತಮ ಕಮ್ಮಾರರಲ್ಲಿ ಅನೇಕರ ಗುರುಪರಂಪರೆಯು ಇಂಥ ಕೆಲವೇ ಮನೆಗಳಿಗೆ ಹೋಗಿ ಮುಟ್ಟುವುದು.

ಹೊಸ ಸೈನ್ಯವು ಮೊದಲು ಐರೋಪ್ಯರ ಮಾದರಿಯ, ಕೈಯನ್ನು ಬಳಸುವ ಲೋಹದ ಕಟ್ಟಿನ ಹಿಡಿಯುಳ್ಳ ಕತ್ತಿಯನ್ನು ಬಳಸಿತು. ಇದನ್ನು ಈಗ ‘ಕ್ಯೂಗುಂತೊ’, ಎಂದರೆ ಹಳೆಯ ಸೇನಾಖಡ್ಗ ಎಂದು ಕರೆಯುವರು. ೧೯೩೧ರಲ್ಲಿ ಮಂಚೂರಿಯದ ಆಕ್ರಮಣವಾದ ಮೇಲೆ ರಾಷ್ಟ್ರಾಭಿಮಾನದ ಉಬ್ಬರದಲ್ಲಿ ಈ ಪಾಶ್ಚಾತ್ಯ ರೂಪವು ಬಿದ್ದುಹೋಗಿ, ಮಧ್ಯಯುಗದ ‘ತಾಚಿ’ಯನ್ನು ಹೋಲುವ ‘ಷಿನ್‌ಗುಂತೊ’ (ಹೊಸ ಸೇನಾಖಡ್ಗ) ಬಂದಿತು. ಭೂಸೈನ್ಯದ ಅಧಿಕಾರಿಗಳಿಗೆ ೯೪ನೆಯ ಮಾದರಿಯು ೧೯೩೪ರಲ್ಲಿಯೂ, ಕೆಳದರ್ಜೆಯ ನಾಯಕರಿಗೆ ೯೫ನೆಯ ಮಾದರಿಯು ೧೯೩೫ರಲ್ಲಿಯೂ, ಅಧಿಕಾರಿಗಳಿಗೇ ೯೮ನೆಯ ಮಾದರಿಯು ೧೯೩೮ರಲ್ಲಿಯೂ ಗೊತ್ತಾದುವು. ನೌಕಾದಳದ ಹೊಸ ಖಡ್ಗವು ೧೯೩೭ರದು. ಈ ಅಂಕೆಗಳ ಅರ್ಥವು ಹೊರಗಿನವರಿಗೆ ಕೂಡಲೆ ಹೊಳೆಯದು. ಕ್ರಿ.ಪೂ. ೬೬೦ರಲ್ಲಿ ಮೊದಲ ಚಕ್ರವರ್ತಿ ಜಿಮ್ಮು ಪಟ್ಟವೇರಿದನೆಂಬ ಐತಿಹ್ಯದಿಂದ ಎಣಿಸುವ ‘ಕಿಗೆನ್’ ಶಕೆಯ ಕಡೆಯ ಎರಡು ಅಂಕೆಗಳೇ ಮಾದರಿಯ ಸಂಖ್ಯೆಗಳು. ೨೫೯೪ ಎಂಬುದು ೧೯೩೪, ೨೫೯೮ ಎಂಬುದು ೧೯೩೮.

ಅಧಿಕಾರಿಯು ತನ್ನ ಖಡ್ಗವನ್ನು ಸ್ವಂತ ಹಣದಿಂದ ಕೊಳ್ಳಬೇಕಾಗಿತ್ತು. ಕೆಳದರ್ಜೆಯವರಿಗೆ ಮಾತ್ರ ಸರಕಾರವು ಕೊಡುತ್ತಿತ್ತು. ಈ ಒಂದು ವ್ಯವಸ್ಥೆಯಿಂದಲೇ ಮುಂದಿನ ತೊಡಕುಗಳೆಲ್ಲ ಹುಟ್ಟಿದುವು. ಧನವಂತನು ಹೆಸರಾಂತ ಶಿಲ್ಪಿಯಿಂದ ಮಾಡಿಸಿಕೊಂಡನು. ಹಳೆಯ ಮನೆತನದವನು ಅಜ್ಜನ ಕಾಲದ ಅಲಗಿಗೆ ಹೊಸ ಹಿಡಿಯನ್ನೂ ಒರೆಯನ್ನೂ ತೊಡಿಸಿದನು. ಉಳಿದವರು ಅಂಗಡಿಯಲ್ಲಿ ಸಿದ್ಧವಾಗಿದ್ದುದನ್ನು ಕೊಂಡರು. ಹೊರಗಿನಿಂದ ನೋಡಿದರೆ ಮೂವರ ಖಡ್ಗಗಳೂ ಒಂದೇ. ಆದುದರಿಂದ ಹಿಡಿ, ಒರೆ, ಕುಚ್ಚುಗಳಿಂದ ಸೈನ್ಯದ ವಿಭಾಗವನ್ನೂ ಅಧಿಕಾರಿಯ ದರ್ಜೆಯನ್ನೂ ತಿಳಿಯಬಹುದೇ ಹೊರತು ಅಲಗಿನ ಕಾಲವನ್ನಾಗಲಿ ಕರ್ತೃವನ್ನಾಗಲಿ ತಿಳಿಯಲಾಗದು.

೨. ಕುಲುಮೆಗಳು

ಈ ಕಾಲದ ಅಲಗುಗಳನ್ನು ಮುಖ್ಯವಾಗಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಸಂಪ್ರದಾಯದ ವಿಧಾನದಿಂದ ಆದುದು. ಇದನ್ನು ‘ಗೆಂದಾಯ್‌ತೊ’ ಎನ್ನುವರು. ‘ತತರ’ ಎಂಬ ಮಣ್ಣಿನ ಕುಲುಮೆಯಲ್ಲಿ ಕಬ್ಬಿಣದ ಮರಳನ್ನೂ ಇದ್ದಲನ್ನೂ ಪದರಪದರವಾಗಿ ಹಾಕಿ ಮೂರು ಹಗಲು ಮೂರು ರಾತ್ರಿ ಉರಿಸಿದಾಗ ದೊರೆಯುವ ‘ತಮಹಗನೆ’ ಎಂಬ ಉಕ್ಕು ಇದರ ಮೂಲದ್ರವ್ಯ. ಕಮ್ಮಾರನು ಅದನ್ನು ಒಡೆದು, ಆರಿಸಿ, ಕಾಸಿ, ಮಡಿಸಿ ಮಡಿಸಿ ಬಡಿಯುವನು. ಕಡೆಗೆ ಅಲಗಿಗೆ ಜೇಡಿಮಣ್ಣನ್ನು ಬೆನ್ನಿನ ಕಡೆ ದಪ್ಪವಾಗಿಯೂ ಬಾಯಿಯ ಕಡೆ ತೆಳ್ಳಗಾಗಿಯೂ ಮೆತ್ತಿ, ಕಾಸಿ, ನೀರಿಗದ್ದುವನು. ಬೇಗ ತಣಿದ ಬಾಯಿ ಗಡುಸಾಗುವುದು, ನಿಧಾನವಾಗಿ ತಣಿದ ಬೆನ್ನು ಮೆದುವಾಗುಳಿಯುವುದು. ಎರಡಕ್ಕೂ ನಡುವಣ ಗೆರೆಯೇ ‘ಹಮೊನ್’. ಆ ಗೆರೆಯ ಉದ್ದಕ್ಕೂ ಬರಿಗಣ್ಣಿಗೆ ಬಿಡಿಬಿಡಿಯಾಗಿ ಮಿನುಗುವ ಕಣಗಳಿಗೆ ‘ನಿಯೆ’ ಎಂದೂ, ಮಂಜಿನಂತೆ ಬೆರೆತು ತೋರುವುದಕ್ಕೆ ‘ನಿಯೊಯ್’ ಎಂದೂ ಹೆಸರು. ನೀರಿಗದ್ದುವಾಗ ಅಲಗು ಸೀಳಿ ಹೋಗುವುದೂ ಉಂಟು. ಇಷ್ಟು ದಿನದ ದುಡಿಮೆ ಆ ಒಂದು ಕ್ಷಣದಲ್ಲಿ ನಷ್ಟವಾಗುವುದು.

ಎರಡನೆಯದು ‘ಷೋವತೊ’. ಷೋವ ಎಂಬುದು ೧೯೨೬ರಲ್ಲಿ ಆರಂಭವಾದ ರಾಜ್ಯಕಾಲದ ಹೆಸರಾದುದರಿಂದ ಆ ಕಾಲದ ಖಡ್ಗವೆಂಬುದೇ ಶಬ್ದಾರ್ಥ. ಆದರೆ ಸಂಗ್ರಾಹಕರ ರೂಢಿಯಲ್ಲಿ, ಕಾರ್ಖಾನೆಯ ಉಕ್ಕನ್ನು ಯಂತ್ರದ ಸುತ್ತಿಗೆಯಿಂದ ಬಡಿದು, ನೀರಿಗೆ ಬದಲು ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ ಅಲಗು ಎಂಬ ಸಂಕುಚಿತಾರ್ಥ ಅದಕ್ಕೆ ಬಂದಿದೆ. ಎಣ್ಣೆಯಲ್ಲಿ ಅಲಗು ಸೀಳುವ ಭಯ ಕಡಮೆ. ಆದರೆ ಹಮೊನ್ ಸಾಮಾನ್ಯವಾಗಿ ನಿಯೆಯಿಲ್ಲದೆ, ಜೀವವಿಲ್ಲದೆ ತೋರುವುದು. ಮೂರನೆಯದು ಪೂರ್ತಿಯಾಗಿ ಯಂತ್ರದ್ದು. ೯೫ನೆಯ ಮಾದರಿಯ ಖಡ್ಗ ಈ ವರ್ಗಕ್ಕೆ ಸೇರುವುದು. ಅದರ ಹಿಡಿಯು ಬಹುಮಟ್ಟಿಗೆ ಎರಕದ ಅಲ್ಯೂಮಿನಿಯಮಿನದು. ಕ್ರಮಸಂಖ್ಯೆಯನ್ನು ಅಲಗಿನ ಮೇಲೆಯೇ ಒತ್ತಿರುವರು. ಅದರಲ್ಲಿ ಕಮ್ಮಾರನ ಹೆಸರನ್ನು ಹುಡುಕುವುದು ನಾಣ್ಯದಲ್ಲಿ ಅಕ್ಕಸಾಲೆಯ ಹೆಸರನ್ನು ಹುಡುಕಿದಂತೆ.

ಸಂಪ್ರದಾಯದ ಕುಲುಮೆಗಳಲ್ಲಿ ಪ್ರಸಿದ್ಧವಾದುದು ಟೋಕಿಯೊ ನಗರದ ಯಸುಕುನಿ ದೇವಾಲಯದ ಆವರಣದಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ‘ನಿಹೊನ್‌ತೊ ತನ್‌ರೆನ್‌ಕಾಯ್’ ಎಂಬ ಖಡ್ಗನಿರ್ಮಾಣಸಂಘದ್ದು. ಇದಕ್ಕೆ ಬೇಕಾದ ಉಕ್ಕಿಗಾಗಿ ಷಿಮಾನೆ ಪ್ರಾಂತದಲ್ಲಿ, ನಿಂತುಹೋಗಿದ್ದ ತತರವನ್ನು ಅದೇ ವರ್ಷ ಮತ್ತೆ ಹೊತ್ತಿಸಿದರು. ೧೯೪೫ರಲ್ಲಿ ಮುಚ್ಚುವವರೆಗೆ ಇಲ್ಲಿ ಸುಮಾರು ೮,೧೦೦ ಖಡ್ಗಗಳಾದುವು. ಇಲ್ಲಿಯ ಕಮ್ಮಾರರಿಗೆ ದೇವಾಲಯದ ಹೆಸರಿನ ಮೊದಲ ಅಕ್ಷರವಾದ ‘ಯಸು’ವಿನಿಂದ ಆರಂಭವಾಗುವ ವೃತ್ತಿನಾಮವನ್ನು ಕೊಡುತ್ತಿದ್ದರು: ಮಿಯಗುಚಿ ಯಸುಹಿರೊ, ಕಜಿಯಮ ಯಸುನೊರಿ, ಇಕೆದ ಯಸುಮಿತ್ಸು ಎಂಬವರು ಮೊದಲ ತಂಡದವರು. ನೌಕಾದಳದ ಅಧಿಕಾರಿಗಳಿಗಾಗಿ ಕೋಬೆಯ ಮಿನತೊಗವ ದೇವಾಲಯದಲ್ಲಿ ಇಂಥದೇ ಕುಲುಮೆ ನಡೆಯಿತು. ಹದಿನಾಲ್ಕನೆಯ ಶತಮಾನದ ವೀರ ಕುಸುನೊಕಿ ಮಸಷಿಗೆಯು ಆ ದೇವಾಲಯದ ಅಧಿದೈವ. ನೀರಿನ ಮೇಲೆ ತೇಲುವ ಸೇವಂತಿಗೆ ಅವನ ಲಾಂಛನ. ಅಲ್ಲಿಯ ಕಮ್ಮಾರರ ಹೆಸರುಗಳಲ್ಲಿ ‘ಮಸ’ ಎಂಬ ಅಕ್ಷರವೂ, ಖಡ್ಗಗಳ ಮೇಲೆ ಆ ಹೂವಿನ ಚಿಹ್ನೆಯೂ ಕಾಣುವುದು ಇದರಿಂದಲೇ.

ದೇವಾಲಯಗಳ ಹೊರಗೆ, ಶಾಸನಸಭೆಯ ಸದಸ್ಯನಾಗಿದ್ದ ಕುರಿಹರ ಹಿಕೊಸಬುರೊ (೧೮೭೯-೧೯೫೪) ಎಂಬವನು ೧೯೩೩ರಲ್ಲಿ ಟೋಕಿಯೊವಿನ ಅಕಸಕದಲ್ಲಿ ತರಬೇತಿನ ಶಾಲೆಯೊಂದನ್ನು ತೆರೆದನು. ಖಡ್ಗಗಳ ಮೇಲೆ ಅವನ ಹೆಸರು ಅಕಿಹಿದೆ. ಶಿಷ್ಯರಿಗೂ ‘ಅಕಿ’ ಎಂಬ ಅಕ್ಷರವನ್ನು ಅವನು ಹಂಚಿದನು. ಮುಂದೆ ಕೀರ್ತಿವಂತನಾದ ಮಿಯಾಯಿರಿ ಅಕಿಹಿರ ಆ ಶಾಲೆಯಿಂದ ಬಂದವನು. ಇಂತು ಕಮ್ಮಾರನ ಹೆಸರಿನ ಮೊದಲ ಅಕ್ಷರವು ಅನೇಕ ವೇಳೆ ಗುರುವನ್ನೋ ಕುಲುಮೆಯನ್ನೋ ಸೂಚಿಸುವುದು. ನಮ್ಮ ಮಠಗಳ ಗುರುಪರಂಪರೆಯಲ್ಲಿ ಒಂದೇ ನಾಮಾಂತ್ಯವು ಪೀಳಿಗೆಯಿಂದ ಪೀಳಿಗೆಗೆ ಬರುವುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯದಿರದು.

ಸಂಖ್ಯೆಯ ದೃಷ್ಟಿಯಿಂದ ಎಲ್ಲಕ್ಕೂ ದೊಡ್ಡ ಕೇಂದ್ರ ಗಿಫು ಪ್ರಾಂತದ ಸೆಕಿ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಕನೆಸದ, ಕನೆಮೊತೊ ಮುಂತಾದವರಿಂದ ಪ್ರಖ್ಯಾತವಾದ ಈ ಊರು ಯುದ್ಧಕಾಲದಲ್ಲಿ ಖಡ್ಗಗಳ ಕಾರ್ಖಾನೆಯೇ ಆಯಿತು. ‘ಕನೆ’ ಎಂದು ಮೊದಲಾಗುವ ಹೆಸರುಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಜಪಾನಿನ ಹೊರಗೆ, ದಾಯಿರೆನ್ ನಗರದಲ್ಲಿದ್ದ ದಕ್ಷಿಣ ಮಂಚೂರಿಯ ರೈಲ್ವೆ ಕಂಪೆನಿಯ ಕಾರ್ಖಾನೆಯು ಮತ್ತೊಂದು ಬಗೆಯ ಖಡ್ಗವನ್ನು ಹೊರತಂದಿತು. ಅದರ ನಕಗೊವಿನ ಮೇಲೆ ಏಷ್ಯದ ಅಭ್ಯುದಯಕ್ಕೆ ಏಕಮನಸ್ಸು ಎಂಬರ್ಥದ ‘ಕೋಅ ಇಷ್ಷಿನ್’ ಎಂಬ ಘೋಷವಾಕ್ಯವೂ ಕಂಪೆನಿಯ ಹೆಸರೂ ಇರುವುವು, ಕಮ್ಮಾರನ ಹೆಸರಿಲ್ಲ. ರೈಲುಕಂಬಿಗಳನ್ನು ಕರಗಿಸಿ ಇವನ್ನು ಮಾಡಿದರೆಂಬ ಕಥೆಗೆ ಕಂಪೆನಿಯ ಹೆಸರಿನ ಹೊರತು ಬೇರೆ ಆಧಾರವಿಲ್ಲ. ಗಡುಸಾದ ಉಕ್ಕಿನ ಕೊಳವೆಯೊಳಗೆ ಮೆದುವಾದ ತಿರುಳನ್ನು ಸೇರಿಸಿ ಬಡಿದು, ಮಂಚೂರಿಯದ ಕಡುಚಳಿಗೂ ಮುರಿಯದಂತೆ ಯೋಚಿಸಿ ಮಾಡಿದ ಅಲಗುಗಳಿವು. ಸಂಪ್ರದಾಯದವೂ ಅಲ್ಲ, ಕೀಳುಸರಕೂ ಅಲ್ಲ. ಹೀಗೆ ಮೇಲಿನ ವಿಂಗಡಣೆಯ ಗಡಿಗಳು ಎಲ್ಲೆಡೆಯೂ ಖಚಿತವಲ್ಲವೆಂಬುದಕ್ಕೆ ಇದೇ ನಿದರ್ಶನ.

೩. ನಕಗೊವನ್ನು ಓದುವ ಕ್ರಮ

ಹಿಡಿಯನ್ನು ಅಲಗಿಗೆ ಬಂಧಿಸಿರುವುದು ‘ಮೆಕುಗಿ’ ಎಂಬ ಬಿದಿರಿನ ಮೊಳೆ. ಅದನ್ನು ಮೆಲ್ಲನೆ ತಟ್ಟಿ ತೆಗೆದರೆ ಹಿಡಿ ಕಳಚಿಬರುವುದು. ಮೊದಲು ಲಕ್ಷಿಸಬೇಕಾದುದು ಬರಹವನ್ನಲ್ಲ, ತುಕ್ಕಿನ ಬಣ್ಣವನ್ನು. ಶತಮಾನಗಳ ನಕಗೊ ಆಳವಾದ ಕಪ್ಪುಮಿಶ್ರಿತ ಕಂದುಬಣ್ಣಕ್ಕೆ ತಿರುಗಿರುವುದು. ೧೯೪೦ರ ಸುಮಾರಿನದು ಇನ್ನೂ ತಿಳಿಯಾಗಿದ್ದು ಅರದ ಗೆರೆಗಳು ಚೂಪಾಗಿ ಕಾಣುವುವು. ಗೆರೆಗಳು ಅಡ್ಡವೋ ಓರೆಯೋ, ತುದಿಯ ಆಕಾರವೆಂಥದು, ಮೊಳೆಯ ರಂಧ್ರಗಳೆಷ್ಟು ಎಂಬುದು ಮುಂದಿನದು. ಒಂದಕ್ಕಿಂತ ಹೆಚ್ಚು ರಂಧ್ರಗಳಿದ್ದರೆ ಉದ್ದವಾಗಿದ್ದ ಹಳೆಯ ಖಡ್ಗವನ್ನು ಬುಡದ ಕಡೆ ಮೊಟಕುಮಾಡಿರಬಹುದು. ಆಗ ಹೆಸರೇ ಕತ್ತರಿಸಿಹೋಗಿರುವುದೂ ಉಂಟು.

ಇನ್ನು ಮುದ್ರೆಗಳು. ಚೆರಿಹೂವಿನ ನಡುವೆ ‘ಷೋ’ ಎಂಬ ಅಕ್ಷರವಿರುವ ಮುದ್ರೆ, ‘ಸೆಕಿ’ ಎಂಬ ಊರಹೆಸರಿನ ಮುದ್ರೆ, ಯುದ್ಧದ ಕಡೆಯ ವರ್ಷಗಳಲ್ಲಿ ಗಿಫುವಿನ ಹೆಸರಿನ ಮುದ್ರೆ ಇವು ಸಾಮಾನ್ಯವಾಗಿ ಷೋವತೊಗಳ ಮೇಲಿನವು. ಐದು ಕೋನಗಳ ನಕ್ಷತ್ರದ ಮುದ್ರೆಯ ಅರ್ಥವು ಬೇರೆ. ಯುದ್ಧದ ನಡುಗಾಲದಿಂದ ಭೂಸೈನ್ಯವು ಪರೀಕ್ಷಿಸಿ ಒಪ್ಪಿದ ಕಮ್ಮಾರರನ್ನು ‘ರಿಕುಗುನ್ ಜುಮೆಯ್ ತೋಷೊ’, ಎಂದರೆ ಸೈನ್ಯದಿಂದ ನಿಯಮಿತರಾದ ಖಡ್ಗಶಿಲ್ಪಿಗಳು ಎಂದು ಗೊತ್ತುಮಾಡಿ, ಅವರಿಗೆ ತಮಹಗನೆಯನ್ನೂ ಇದ್ದಲನ್ನೂ ಒದಗಿಸುತ್ತಿತ್ತು. ಅವರು ಒಪ್ಪಿಸಿದ ಅಲಗುಗಳ ಮೇಲೆ ಈ ನಕ್ಷತ್ರ ಕಾಣುವುದು. ಆದುದರಿಂದ ನಕ್ಷತ್ರವು ಸಂಪ್ರದಾಯದ ವಿಧಾನಕ್ಕೆ ಬಲವಾದ ಸಾಕ್ಷಿ. ಆದರೆ ಮುದ್ರೆಯಿಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಖಾಸಗಿಯಾಗಿ ಮಾಡಿಸಿದ ಅತ್ಯುತ್ತಮ ಖಡ್ಗಗಳಿಗೂ ಮುದ್ರೆಯಿಲ್ಲ, ಬೇಜವಾಬ್ದಾರಿಯ ಸರಕಿಗೂ ಇಲ್ಲ.

ಬರಹಕ್ಕೆ ‘ಮೆಯ್’ ಎಂದು ಹೆಸರು. ನಕಗೊವಿನ ಒಂದು ಮಗ್ಗುಲಲ್ಲಿ ಊರು, ಮನೆತನ, ವೃತ್ತಿನಾಮ, ಮತ್ತೊಂದರಲ್ಲಿ ಕಾಲ. ಕಾಲವನ್ನು ಸೂಚಿಸುವ ಬಗೆ ಮೂರು. ಮೊದಲನೆಯದು ರಾಜ್ಯವರ್ಷ, ಷೋವ ವರ್ಷಕ್ಕೆ ೧೯೨೫ನ್ನು ಕೂಡಿಸಿದರೆ ಕ್ರಿಸ್ತವರ್ಷ ದೊರೆಯುವುದು, ಷೋವ ೧೮ ಎಂದರೆ ೧೯೪೩. ಎರಡನೆಯದು ಕಿಗೆನ್ ಶಕೆ. ೧೯೪೦ನೆಯ ವರ್ಷವು ಅದರ ೨೬೦೦ನೆಯದಾಗಿ ದೇಶದಲ್ಲೆಲ್ಲ ಉತ್ಸವ ನಡೆದುದರಿಂದ ಆ ವರ್ಷದ ಖಡ್ಗಗಳಲ್ಲಿ ಈ ಸಂಖ್ಯೆ ಹಲವೆಡೆ ಕಾಣುವುದು. ಮೂರನೆಯದು ಚೀನೀಯರಿಂದ ಬಂದ ಅರುವತ್ತು ವರ್ಷಗಳ ಚಕ್ರ. ಹತ್ತು ‘ಕಾಂಡ’ಗಳನ್ನೂ ಹನ್ನೆರಡು ಪ್ರಾಣಿಗಳನ್ನೂ ಜೋಡಿಸಿ ವರ್ಷಕ್ಕೆ ಹೆಸರಿಡುವ ಕ್ರಮವಿದು. ದಾಯಿರೆನ್ನಿನ ಖಡ್ಗಗಳಲ್ಲಿ ಬರುವ ‘ತ್ಸುಚಿನೊತೊ-ಉ’ ಎಂಬುದು ಮೊಲದ ವರ್ಷವಾದ ೧೯೩೯. ‘ಕನೊಎ-ತತ್ಸು’ ಎಂಬುದು ನಾಗವರ್ಷವಾದ ೧೯೪೦. ನಮ್ಮ ಪ್ರಭವಾದಿ ಸಂವತ್ಸರಗಳಂತೆ ಇದೂ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಬೇರೆ ಶಕೆಯ ಬೆಂಬಲವಿಲ್ಲದ ಬರಿಯ ಚಕ್ರವರ್ಷವನ್ನು ನೆಚ್ಚುವಾಗ ಶಾಸನಜ್ಞರ ಎಚ್ಚರವೇ ಇಲ್ಲಿಯೂ ಬೇಕು. ತಿಂಗಳ ವಿಷಯದಲ್ಲಿ ಮತ್ತೊಂದು ಸಂಗತಿ: ಕಮ್ಮಾರರ ಪ್ರಾಚೀನ ರೂಢಿಯಂತೆ ಎರಡನೆಯ ಅಥವಾ ಎಂಟನೆಯ ತಿಂಗಳನ್ನು ಕೊರೆಯುವುದುಂಟು, ದಿನಕ್ಕೆ ಬದಲಾಗಿ ‘ಶುಭದಿನ’ ಎಂದಷ್ಟೇ ಬರೆಯುವುದೂ ಉಂಟು. ಇವನ್ನು ನಿಜವಾದ ನಿರ್ಮಾಣದ ತಿಂಗಳೆಂದೂ ದಿನವೆಂದೂ ಎಣಿಸಲಾಗದು.

ಬರಹವನ್ನು ಪ್ರತಿಮಾಡಲು ಜಪಾನೀಯರು ತೆಳುವಾದ ಕಾಗದವನ್ನು ನಕಗೊವಿನ ಮೇಲಿಟ್ಟು ಮಸಿಯ ಗಟ್ಟಿಯಿಂದ ಉಜ್ಜುವರು. ‘ಒಷಿಗತ’ ಎಂಬ ಈ ಪ್ರತಿಗಳು ನಮ್ಮ ಶಿಲಾಶಾಸನಗಳ ಅಚ್ಚುಗಳಿಗೆ ಸಮಾನವಾದುವು. ಗೊತ್ತಾದ ಪ್ರತಿಗಳೊಡನೆ ಹೊಸದನ್ನು ಹೋಲಿಸಿ, ಉಳಿಯ ಏಟು ಎಲ್ಲಿ ಆರಂಭವಾಗಿ ಎಲ್ಲಿ ಹಗುರಾಯಿತೆಂಬುದನ್ನು ನೋಡಿ ಕೈಯನ್ನು ಗುರುತಿಸುವರು. ಯುದ್ಧಕಾಲದ ಕಮ್ಮಾರರ ಒಷಿಗತಗಳನ್ನು ಕೂಡಿಸಿ ಜಾನ್ ಸ್ಲೋ ಎಂಬವನು ೨೦೦೧ರಲ್ಲಿ ಪ್ರಕಟಿಸಿದ ಗ್ರಂಥವು ಜಪಾನೀ ಭಾಷೆಯನ್ನರಿಯದ ಸಂಗ್ರಾಹಕರಿಗೆ ಬಹಳ ಉಪಕಾರಕವಾಯಿತು.

೪. ಭ್ರಾಂತಿಗೆ ಕಾರಣಗಳು

ಬರಹವೊಂದನ್ನೇ ನಂಬಿದರೆ ಮೋಸಹೋಗುವ ಸಂದರ್ಭಗಳು ಅನೇಕ. ಸೆಕಿಯಲ್ಲಿ ಹೆಸರು ಕೊರೆಯುವುದೇ ವೃತ್ತಿಯಾಗಿದ್ದ ಜನರಿದ್ದರು. ಕಮ್ಮಾರನು ಬಡಿದುಕೊಟ್ಟ ಅಲಗಿಗೆ ಅವರು ಅವನ ಹೆಸರನ್ನು ಕೊರೆಯುತ್ತಿದ್ದರು. ಆದುದರಿಂದ ಒಂದೇ ಹೆಸರು ಎರಡು ಮೂರು ಕೈಗಳಲ್ಲಿ ಕಂಡರೆ ಒಂದು ನಿಜ, ಉಳಿದುವು ಕೂಟ ಎಂದು ತೀರ್ಮಾನಿಸುವುದು ಅವಸರವಾಗುವುದು. ಅಂತೆಯೇ ಎರಡು ಹೆಸರುಗಳು ಒಂದೇ ಕೈಯಲ್ಲಿರುವುದೂ ಆಶ್ಚರ್ಯವಲ್ಲ.

ಗಸ್ಸನ್ ಮನೆತನದ ಪ್ರಕರಣವು ಇನ್ನೂ ಸ್ವಾರಸ್ಯವಾದುದು. ಸದಕಜುವಿನ ಮಗ ಸದಕತ್ಸು (೧೮೬೯-೧೯೪೩). ಇವನ ಮಗ ಯುದ್ಧಕಾಲದಲ್ಲಿ ಸದಮಿತ್ಸು ಎಂದು ಹೆಸರು ಕೊರೆದನು. ತಂದೆಯ ಮುಪ್ಪಿನಲ್ಲಿ ಅವನ ಹೆಸರಿನಲ್ಲಿಯೂ ಖಡ್ಗಗಳನ್ನು ಮಾಡಿಕೊಟ್ಟನು. ಯುದ್ಧಾನಂತರ ಇವನೇ ಅಜ್ಜನ ಹೆಸರಿನ ಎರಡು ಅಕ್ಷರಗಳನ್ನು ತಾನು ತಳೆದು ಸದಯಿಚಿ (೧೯೦೭-೧೯೯೫) ಎಂದೆನಿಸಿಕೊಂಡನು. ಬರೆವಣಿಗೆಯಲ್ಲಿ ಅಜ್ಜನ ‘ಸದಕಜು’ವಿಗೂ ಮೊಮ್ಮಗನ ‘ಸದಯಿಚಿ’ಗೂ ಅಕ್ಷರಭೇದವಿಲ್ಲ, ಓದುವ ರೀತಿಯಲ್ಲಿ ಮಾತ್ರ ಭೇದ. ಹೀಗಿರುವಾಗ ಅಕ್ಷರಗಳನ್ನು ಕೋಶದಲ್ಲಿ ಹುಡುಕಿ ಹೆಸರು ಹೇಳುವವನು ನೂರು ವರ್ಷಗಳ ಅಂತರದಲ್ಲಿ ತಪ್ಪಬಹುದು. ತುಕ್ಕು, ಅರದ ಗೆರೆ, ಅಲಗಿನ ಪದರದ ವಿನ್ಯಾಸ, ಉಳಿಯ ಕೈ ಇವೆಲ್ಲವೂ ಕೂಡಿ ಮಾತಾಡಿದಲ್ಲದೆ ಇಲ್ಲಿ ನಿರ್ಣಯವಿಲ್ಲ.

ಜಪಾನಿನ ಪರೀಕ್ಷಕರ ಸಭೆಗಳಲ್ಲಿ ಒಂದು ಪದ್ಧತಿಯಿದೆ. ನಕಗೊವನ್ನು ಮುಚ್ಚಿಟ್ಟು ಅಲಗನ್ನು ಮಾತ್ರ ಕೈಗೆ ಕೊಡುವರು. ಆಕಾರ, ಉಕ್ಕಿನ ಪದರ, ಹಮೊನ್ ಇವನ್ನು ನೋಡಿ ಕಮ್ಮಾರನ ಹೆಸರನ್ನು ಚೀಟಿಯಲ್ಲಿ ಬರೆದು ಒಪ್ಪಿಸಬೇಕು. ಆಮೇಲೆ ಬರಹವನ್ನು ತೆರೆದು ತೋರಿಸುವರು. ಇದರ ತಾತ್ಪರ್ಯ ಸ್ಪಷ್ಟವಾಗಿದೆ. ಹೆಸರನ್ನು ಯಾರಾದರೂ ಕೊರೆಯಬಹುದು. ನೀರಿಗದ್ದಿದ ಉಕ್ಕಿನಲ್ಲಿ ಮೂಡಿದ ನಿಯೆಯನ್ನು ಕೊರೆಯಲಾಗದು. ಬರಹವು ಅಲಗಿನ ಸಾಕ್ಷ್ಯವನ್ನು ದೃಢಪಡಿಸಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು.

೫. ಶರಣಾಗತಿ ಮತ್ತು ಚದರುವಿಕೆ

೧೯೪೫ರ ಆಗಸ್ಟಿನಲ್ಲಿ ಯುದ್ಧ ಮುಗಿದಾಗ ಖಡ್ಗಗಳ ಭವಿಷ್ಯವು ಎರಡು ಕಡೆ ಎರಡು ಬಗೆಯಾಯಿತು. ಆಗ್ನೇಯ ಏಷ್ಯದ ಸೇನಾಪತಿ ಮೌಂಟ್‌ಬ್ಯಾಟನ್, ಜಪಾನೀ ಅಧಿಕಾರಿಗಳು ಸಾರ್ವಜನಿಕವಾಗಿ ಖಡ್ಗವನ್ನು ಒಪ್ಪಿಸಲೇಬೇಕೆಂದು ಹಟಹಿಡಿದನು. ಸೋಲು ಎಲ್ಲರ ಕಣ್ಣಿಗೂ ಬೀಳಬೇಕೆಂಬುದು ಅವನ ವಾದ. ಸಿಂಗಪುರದ ಶರಣಾಗತಿ ಸೆಪ್ಟೆಂಬರ್ ೧೨ರಂದು ನಡೆಯಿತು. ಅಸ್ವಸ್ಥನಾಗಿದ್ದ ಸೇನಾಧ್ಯಕ್ಷ ತೆರಾವುಚಿಯು ನವೆಂಬರ್ ೩೦ರಂದು ಸೈಗಾನಿನಲ್ಲಿ ಮೌಂಟ್‌ಬ್ಯಾಟನ್ನನಿಗೆ ಸ್ವತಃ ಶರಣಾಗತನಾಗಿ ತನ್ನ ಖಡ್ಗಗಳನ್ನು ಒಪ್ಪಿಸಿದನು. ಬರ್ಮಾ, ಮಲಯ ಮೊದಲಾದೆಡೆ ಹೋರಾಡಿದ ಭಾರತೀಯ ಸೇನಾದಳಗಳ ವಶಕ್ಕೂ ಅನೇಕ ಖಡ್ಗಗಳು ಬಂದುವು. ಹಲವು ಖಡ್ಗಗಳ ಹಿಡಿಗೆ, ಒಪ್ಪಿಸಿದವನ ಹೆಸರನ್ನು ಬರೆದ ಚೀಟಿಯನ್ನೋ ಮರದ ಬಿಲ್ಲೆಯನ್ನೋ ಕಟ್ಟಿದ್ದುದುಂಟು. ಮುಂದೊಂದು ದಿನ ಮನೆಗೆ ಮರಳೀತೆಂಬ ಆಸೆಯು ಆ ಚೀಟಿಗಳಲ್ಲಿ ಅಡಗಿದ್ದಿತು.

ಜಪಾನಿನೊಳಗೆ, ಎಲ್ಲ ಆಯುಧಗಳನ್ನೂ ಒಪ್ಪಿಸಬೇಕೆಂದು ಆಕ್ರಮಣಸೈನ್ಯದ ಆಜ್ಞೆಯಾಯಿತು. ದೇಶದ ಪಶ್ಚಿಮ ಭಾಗವಾದ ಚೂಗೊಕು ಪ್ರಾಂತಗಳ ಆಡಳಿತಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯವು ಬಂದಿತು, ಕೊಡಗಿನ ಕೆ. ಎಸ್. ತಿಮ್ಮಯ್ಯನವರ ನೇತೃತ್ವದ ೨೬೮ನೆಯ ಭಾರತೀಯ ಬ್ರಿಗೇಡು ಅದರ ಒಂದು ಅಂಗ. ಯಸುಕುನಿಯ ಉಕ್ಕು ಬಂದ ಷಿಮಾನೆಯೂ ಆ ಸೈನ್ಯದ ಆಡಳಿತಕ್ಕೆ ಸೇರಿದ ಪ್ರದೇಶದಲ್ಲಿಯೇ ಇತ್ತು. ಒಟ್ಟುಗೂಡಿದ ಖಡ್ಗಗಳಲ್ಲಿ ಅಸಂಖ್ಯವಾದುವನ್ನು ಕರಗಿಸಿದರು, ಕಡಲಿಗೆಸೆದರು, ನೆನಪಿನ ಕಾಣಿಕೆಗಳಾಗಿ ಸಿಪಾಯಿಗಳು ಒಯ್ದರು. ಹೊಮ್ಮ ಜುಂಜಿ, ಸತೊ ಕನ್‌ಯಿಚಿ ಮೊದಲಾದ ವಿದ್ವಾಂಸರು ಅಮೆರಿಕದ ಅಧಿಕಾರಿ ಕರ್ನಲ್ ಕ್ಯಾಡ್‌ವೆಲ್ಲನೆದುರು ಹಳೆಯ ಖಡ್ಗಗಳನ್ನಿಟ್ಟು, ಇವು ಆಯುಧಗಳಲ್ಲ, ಕಲಾಕೃತಿಗಳು ಎಂದು ಮನಗಾಣಿಸಿದರು. ಅದರ ಫಲವಾಗಿ ಕಲಾಮೌಲ್ಯವುಳ್ಳವನ್ನು ಉಳಿಸಿಕೊಳ್ಳಲು ಅನುಮತಿ ದೊರೆಯಿತು. ಟೋಕಿಯೊವಿನ ಅಕಬನೆ ಉಗ್ರಾಣದಲ್ಲಿ ರಾಶಿಬಿದ್ದಿದ್ದವುಗಳಿಂದ ಐದು ಸಾವಿರಕ್ಕೂ ಮಿಕ್ಕ ಖಡ್ಗಗಳನ್ನು ಆರಿಸಿ ೧೯೪೭ರಲ್ಲಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು; ಒಡೆಯರು ಸಿಕ್ಕದೆ ಉಳಿದವುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚಿನವನ್ನು ೧೯೯೯ರಲ್ಲಿ ದೇಶದ ನಾನಾ ಸಂಗ್ರಹಾಲಯಗಳಿಗೆ ಹಂಚಲಾಯಿತು. ಖಡ್ಗಕಲೆಯ ಸಂರಕ್ಷಣೆಗಾಗಿ ೧೯೪೮ರಲ್ಲಿ ಒಂದು ಸಂಘವೂ ಸ್ಥಾಪಿತವಾಯಿತು.

ಆದರೆ ಈ ಜಯಕ್ಕೊಂದು ಬೆಲೆಯಿದ್ದಿತು. ಕಲೆಯೆಂಬ ಕಾರಣದಿಂದ ಖಡ್ಗವು ಉಳಿದುದರಿಂದ, ಕಲೆಯಲ್ಲದ ಖಡ್ಗಕ್ಕೆ ಜಪಾನಿನಲ್ಲಿ ಎಡೆಯಿಲ್ಲದಂತಾಯಿತು. ಸಂಪ್ರದಾಯದ ವಿಧಾನದಿಂದಾದ ಅಲಗಿಗೆ ಮಾತ್ರ ಅಲ್ಲಿಯ ಸರಕಾರದ ನೋಂದಣಿ ದೊರೆಯುವುದು; ಷೋವತೊ ಎಂದು ತೀರ್ಮಾನವಾದುದನ್ನು ಇಟ್ಟುಕೊಳ್ಳುವುದು ಅಪರಾಧ, ಅದು ನಾಶಕ್ಕೆ ಗುರಿಯಾಗುವುದು. ಹೊರದೇಶದಲ್ಲಿ ಅದೇ ಖಡ್ಗವು ಗೋಡೆಯ ಮೇಲೆ ನೆಮ್ಮದಿಯಾಗಿ ತೂಗುವುದು. ಹೀಗೆ, ಸಂಖ್ಯೆಯಲ್ಲಿ ಯುದ್ಧಕಾಲದ ಬಹುಭಾಗವಾದ 
ಖಡ್ಗಗಳ ಸಾಕ್ಷ್ಯವು ಉಳಿದಿರುವುದು ಅವು ಹುಟ್ಟಿದ ನೆಲದಲ್ಲಲ್ಲ, ಗೆದ್ದವರ ಮನೆಗಳಲ್ಲಿ. ಸೆಕಿಯ ಸಾಮಾನ್ಯ ಕಮ್ಮಾರರ ಚರಿತ್ರೆಯನ್ನು ಬರೆಯಬೇಕಾದವನು ಹೊರದೇಶದ ಸಂಗ್ರಾಹಕರ ಒಷಿಗತಗಳನ್ನು ಅವಲಂಬಿಸದೆ ಗತಿಯಿಲ್ಲ. ಸಂಗ್ರಾಹಕನು ಹೊರದೇಶದಿಂದ ಖಡ್ಗವನ್ನು ಅದರ ಊರಿಗೆ ಮರಳಿಸಬಯಸಿದರೂ, ಮೊದಲು ಅದು ಯಾವ ಬಗೆಯದೆಂದು ಸರಿಯಾಗಿ ತಿಳಿದಿರಬೇಕು. ತಪ್ಪಿದರೆ ಸದುದ್ದೇಶವೇ ಖಡ್ಗವನ್ನು ಕುಲುಮೆಗೆ ನೂಕುವುದು. ನಿರ್ಣಯವೆಂಬುದು ಇಲ್ಲಿ ವಿದ್ವದ್ವಿನೋದವಲ್ಲ.

೬. ಉಪಸಂಹಾರ

ಈ ಖಡ್ಗಗಳ ಅಧ್ಯಯನದಲ್ಲಿ ಮರೆಯಲಾಗದ ಇನ್ನೊಂದು ಮಾತುಂಟು. ಇವು ಸಂಗ್ರಹಾಲಯಕ್ಕಾಗಿ ಹುಟ್ಟಿದುವಲ್ಲ. ೧೯೩೭ರಲ್ಲಿ ನಾನ್‌ಕಿಂಗಿನ ದಾರಿಯಲ್ಲಿ ಇಬ್ಬರು ಕಿರಿಯ ಅಧಿಕಾರಿಗಳು ಯಾರು ಮೊದಲು ನೂರು ಜನರನ್ನು ಖಡ್ಗದಿಂದ ಕೊಲ್ಲುವರೆಂದು ಪಂಥ ಕಟ್ಟಿದರೆಂದು ಟೋಕಿಯೊವಿನ ಪತ್ರಿಕೆ ಹೆಮ್ಮೆಯಿಂದ ಬರೆಯಿತು. ಅವರಿಬ್ಬರಿಗೂ ೧೯೪೮ರ ಜನವರಿಯಲ್ಲಿ ನಾನ್‌ಕಿಂಗಿನಲ್ಲಿ ಮರಣದಂಡನೆಯಾಯಿತು. ಪತ್ರಿಕೆಯ ವೃತ್ತಾಂತದಲ್ಲಿ ಎಷ್ಟು ನಿಜವೆಂಬ ಚರ್ಚೆ ಇತಿಹಾಸಕಾರರಲ್ಲಿ ನಡೆದಿದ್ದರೂ, ಸೆರೆಸಿಕ್ಕವರ ತಲೆಗಳನ್ನು ಈ ಖಡ್ಗಗಳಿಂದ ಕಡಿದುದು ಚೀನದಲ್ಲಿಯೂ ಇತರೆಡೆಯೂ ನಿಸ್ಸಂಶಯವಾಗಿ ನಡೆದ ಸಂಗತಿ. ಚೀನದ ಯುದ್ಧಭೂಮಿಯಲ್ಲಿ ಮುರಿದ ಖಡ್ಗಗಳನ್ನು ದುರಸ್ತುಮಾಡಿದ ನರುಸೆ ಕನ್‌ಜಿ ಎಂಬವನು ೧೯೪೦ರಲ್ಲಿ ಪ್ರಕಟಿಸಿದ ಗ್ರಂಥವು ಅಲಗಿಗಿಂತ ಹಿಡಿಯೇ ಹೆಚ್ಚಾಗಿ ಕೆಡುತ್ತಿದ್ದಿತೆಂದು ತಿಳಿಸುವುದು. ಆ ವಿವರವು ಶಿಲ್ಪಶಾಸ್ತ್ರಕ್ಕೆ ಉಪಯುಕ್ತವಾದರೂ ಅದು ಯಾವ ಕಾರ್ಯದಿಂದ ದೊರೆತ ಜ್ಞಾನವೆಂಬುದು ಓದುಗನ ನೆನಪಿನಲ್ಲಿರತಕ್ಕದ್ದು.

ಅದೇ ಕೈಗಳು ಮುಂದೆ ಬೇರೆ ಮಾನಕ್ಕೆ ಪಾತ್ರವಾದುವು. ೧೯೫೦ರ ದಶಕದ ಮೊದಲಲ್ಲಿ ಖಡ್ಗನಿರ್ಮಾಣಕ್ಕೆ ಮತ್ತೆ ಅನುಮತಿ ದೊರೆತಾಗ ಕುರಿಹರನು ಶಾಂತಿಸಂಧಾನದ ಸ್ಮಾರಕವಾಗಿ ಖಡ್ಗಗಳನ್ನು ಮಾಡಿಸಲು ಮುಂದಾದನು. ಸದಕತ್ಸುವಿನ ಶಿಷ್ಯ ತಕಹಷಿ ಸದತ್ಸುಗು ೧೯೫೫ರಲ್ಲಿಯೂ, ಕುರಿಹರನ ಶಿಷ್ಯ ಮಿಯಾಯಿರಿ ಅಕಿಹಿರ ೧೯೬೩ರಲ್ಲಿಯೂ, ಗಸ್ಸನ್ ಸದಯಿಚಿ ೧೯೭೧ರಲ್ಲಿಯೂ ಸಜೀವ ರಾಷ್ಟ್ರನಿಧಿಗಳೆಂಬ ಗೌರವವನ್ನು ಪಡೆದರು. ಷಿಮಾನೆಯ ತತರವನ್ನು ೧೯೭೭ರಲ್ಲಿ ಮತ್ತೆ ಹೊತ್ತಿಸಿದರು. ಈಗಿನ ಕಮ್ಮಾರನು ಸರಕಾರದ ಅಪ್ಪಣೆಯಿಂದ ತಿಂಗಳಿಗೆ ಎರಡು ಉದ್ದ ಖಡ್ಗಗಳಿಗಿಂತ ಹೆಚ್ಚು ಮಾಡಲಾಗದು. ಯುದ್ಧವಿಲ್ಲದಿದ್ದರೆ ಈ ವಿದ್ಯೆಯು ೧೯೩೦ರ ಹೊತ್ತಿಗೆ ಅಳಿಯುತ್ತಿದ್ದಿತೇನೊ. ಯುದ್ಧದಿಂದ ಉಳಿದ ವಿದ್ಯೆಯು ಯುದ್ಧದ ಕಳಂಕವನ್ನೂ ಹೊತ್ತುಬಂದಿತು. ಎರಡನ್ನೂ ಒಟ್ಟಿಗೆ ಹೇಳದ ಚರಿತ್ರೆ ಅರ್ಧಚರಿತ್ರೆ.

ಆದುದರಿಂದ ಖಡ್ಗವು ಕೈಗೆ ಬಂದಾಗ ಅನುಸರಿಸಬೇಕಾದ ನಿಯಮಗಳು ಸರಳವಾದುವು. ನಕಗೊವಿನ ತುಕ್ಕನ್ನು ಉಜ್ಜಬಾರದು. ಬರಹವನ್ನು ಸ್ಪಷ್ಟಪಡಿಸುವ ಆತುರದಿಂದ ತಂತಿಯ ಕುಂಚವನ್ನೋ ಉಪ್ಪುಕಾಗದವನ್ನೋ ಪ್ರಯೋಗಿಸಿದವರು ಅಕ್ಷರವನ್ನು ಉಳಿಸಿ ಅದರ ಕಾಲವನ್ನು ಅಳಿಸಿದಂತಾಗುವುದು. ಬಲ್ಲ ಸಾಣೆಗಾರನಲ್ಲದೆ ಮತ್ತಾರೂ ಅಲಗನ್ನು ಮಸೆಯಬಾರದು. ಹಿಡಿಗೆ ಕಟ್ಟಿದ ಚೀಟಿಯನ್ನೂ, ನಕಗೊವಿನ ಮೇಲೆ ಬಣ್ಣದಿಂದ ಬರೆದ ಜೋಡಣೆಯ ಅಂಕೆಗಳನ್ನೂ ಕಳೆಯಬಾರದು. ಅಲಗು, ತುಕ್ಕು, ಮುದ್ರೆ, ಬರಹ ಈ ಕ್ರಮದಲ್ಲಿ ವಿಚಾರಿಸಿ, ನಾಲ್ಕೂ ಒಪ್ಪಿದಾಗ ಹೆಸರು ಹೇಳಬೇಕು. ಒಪ್ಪದಿದ್ದಾಗ ಹೇಳದಿರುವುದೇ ಪಾಂಡಿತ್ಯ. ಕಮ್ಮಾರನು ತನ್ನ ಹೆಸರನ್ನು ಹಿಡಿಯೊಳಗೆ ಅಡಗಿಸಿಟ್ಟನು. ಅದನ್ನು ತೆರೆದು ಓದುವವನು ಓದಿದ ಮೇಲೆ ಇದ್ದಂತೆಯೇ ಮುಚ್ಚಿ ಮುಂದಿನವನಿಗೆ ಒಪ್ಪಿಸಬೇಕು.